ಕತ್ತು ತಿರುಗಿಸಿದರೆ ರನ್‌ವೇ ಕಾಣಬೇಕು

ಸಣ್ಣ ವಿಮಾನಗಳು ಇಳಿಯುವಾಗ ದೂರದಿಂದಲೇ ನೇರ ಗುರಿಯಿಟ್ಟು ಬರುವುದು ಕಡಿಮೆ. ಮೊದಲು ರನ್‌ವೇಗೆ ಸಮಾನಾಂತರವಾಗಿ, ಇಳಿಯಬೇಕಾದ ದಿಕ್ಕಿಗೆ ಬೆನ್ನು ಹಾಕಿ ಹಾರುತ್ತವೆ. ಪೈಲಟ್‌ಗಳು ಇದನ್ನು ಡೌನ್‌ವಿಂಡ್ ಎನ್ನುತ್ತಾರೆ. ರನ್‌ವೇಯ ತುದಿ ರೆಕ್ಕೆಯಿಂದ ಹಿಂದಕ್ಕೆ ಸುಮಾರು 45 ಡಿಗ್ರಿ ಕೋನಕ್ಕೆ ಸರಿದಾಗ ಒಂದು ತಿರುವು, ಅಲ್ಲಿಂದ ಬೇಸ್. ಇನ್ನೊಂದು ತಿರುವು, ಅಲ್ಲಿಂದ ಫೈನಲ್. ಜಕ್ಕೂರಿನ ಏರೋಡ್ರೋಮಿನಲ್ಲಿ ಕಲಿಯುವವರಿಗಾಗಲಿ ಜಗತ್ತಿನ ಇನ್ನಾವುದೋ ಮೂಲೆಯಲ್ಲಿ ಕಲಿಯುವವರಿಗಾಗಲಿ ಪಾಠ ಇದೇ. ಈ ಪಾಠದಲ್ಲಿ ಒಂದು ಸಂಗತಿ ಅಡಗಿದೆ. ಮೊದಲ ತಿರುವಿನ ನಿರ್ಧಾರ ಮೂಗಿನ ನೇರಕ್ಕೆ ನೋಡಿದರೆ ಆಗುವಂಥದ್ದಲ್ಲ, ಭುಜದ ಮೇಲಿಂದ ಹಿಂದಕ್ಕೆ ನೋಡಬೇಕು.

ಮನೆಯ ಸಿಮ್ಯುಲೇಟರ್ ಸೋಲುವುದು ಇಲ್ಲಿಯೇ. 27 ಇಂಚಿನ ಮಾನಿಟರ್ ಸುಮಾರು 60 ಸೆಂಟಿಮೀಟರ್ ಅಗಲ ಇರುತ್ತದೆ. 70 ಸೆಂಟಿಮೀಟರ್ ದೂರದಲ್ಲಿ ಕೂತರೆ ಅದು ನಮ್ಮ ನೋಟದಲ್ಲಿ ತುಂಬುವುದು 46 ಡಿಗ್ರಿಯಷ್ಟು ಜಾಗವನ್ನು ಮಾತ್ರ. ಎರಡೂ ಕಣ್ಣು ಸೇರಿ ಮನುಷ್ಯ ಕಾಣುವ ಹರವು 180 ಡಿಗ್ರಿಗೂ ಮಿಕ್ಕಿದ್ದು. ಎಂಜಿನ್ನಿನ ಸದ್ದು, ಮೋಡ, ನಗರದ ಕಟ್ಟಡ ಎಲ್ಲವನ್ನೂ ಸಿಮ್ಯುಲೇಟರ್ ಅಚ್ಚುಕಟ್ಟಾಗಿ ತೋರಿಸುತ್ತದೆ. ಆದರೆ ಎಡಕ್ಕೆ ತಿರುಗಿ ನೋಡಿದರೆ ಕಾಣುವುದು ಮನೆಯ ಗೋಡೆ. ಇದಕ್ಕಾಗಿ ಜಾಯ್‌ಸ್ಟಿಕ್ಕಿನ ತುದಿಯಲ್ಲಿ ಹೆಬ್ಬೆರಳಿಗೆ ಸಿಗುವಂತೆ ಹ್ಯಾಟ್ ಸ್ವಿಚ್ ಎಂಬ ಪುಟ್ಟ ಗುಂಡಿ ಇಟ್ಟಿರುತ್ತಾರೆ. ಒತ್ತಿದರೆ ನೋಟ ಎಡಕ್ಕೆ, ಬಲಕ್ಕೆ, ಹಿಂದಕ್ಕೆ ಹೋಗುತ್ತದೆ. ಕೆಲಸವೇನೋ ಆಗುತ್ತದೆ, ಆದರೆ ನೋಡುವುದು ಆಗ ಕೈಯ ಕೆಲಸವಾಗುತ್ತದೆ. ಎಲ್ಲಿ ನೋಡಬೇಕೆಂದು ಯೋಚಿಸಿ, ಗುಂಡಿ ಹುಡುಕಿ, ಒತ್ತಿ, ಮತ್ತೆ ಮುಂದಕ್ಕೆ ತರುವಷ್ಟರಲ್ಲಿ ವಿಮಾನ ವಾಲಿರುತ್ತದೆ.

ಹೆಡ್ ಟ್ರ್ಯಾಕಿಂಗ್ ಈ ಕೆಲಸವನ್ನು ಮತ್ತೆ ಕುತ್ತಿಗೆಗೆ ವಹಿಸುತ್ತದೆ. ಮಾನಿಟರಿನ ಮೇಲೆ ಕೂತ ಕ್ಯಾಮೆರಾ ನಿಮ್ಮ ತಲೆಯ ಚಲನೆಯನ್ನು ಕ್ಷಣಕ್ಷಣವೂ ಅಳೆದು ಸಿಮ್ಯುಲೇಟರಿಗೆ ಹೇಳುತ್ತದೆ. ಪರದೆಯ ಮೇಲಿನ ಕಾಕ್‌ಪಿಟ್ ಅದಕ್ಕೆ ತಕ್ಕಂತೆ ತಿರುಗುತ್ತದೆ. ಒಂದು ವಾಕ್ಯದಲ್ಲಿ ಮುಗಿಯುವ ಈ ವಿವರಣೆಯ ಹಿಂದೆ ತಿಂಗಳುಗಟ್ಟಲೆ ಕೂತು ತಿದ್ದಿದರೂ ಮುಗಿಯದ ಕುಶಲತೆ ಇದೆ. ತಲೆಯನ್ನು ಹಿಂಬಾಲಿಸುವುದನ್ನು ಯಂತ್ರಕ್ಕೆ ಕಲಿಸುವುದು ಈಗ ಕಷ್ಟವಲ್ಲ. ಯಾವಾಗ ಹಿಂಬಾಲಿಸಬಾರದು ಎಂದು ಕಲಿಸುವುದರಲ್ಲೇ ಕೈಚಳಕವೆಲ್ಲ ಇರುವುದು.

ತಿಳಿದೇ ಹೇಳುವ ಸುಳ್ಳು

ತಲೆ ಎಷ್ಟು ತಿರುಗಿತೋ ನೋಟವೂ ಅಷ್ಟೇ ತಿರುಗಬೇಕೆಂದು ಹೊಸಬರು ಎಣಿಸುತ್ತಾರೆ. ಹಾಗೆ ಮಾಡಿದರೆ ಭುಜದ ಹಿಂದೆ ನೋಡುವಾಗ ಮುಖವೂ ಹಿಂದಕ್ಕೆ ಹೋಗುತ್ತದೆ, ಪರದೆ ಮಾತ್ರ ಎದುರಿಗೇ ಉಳಿಯುತ್ತದೆ. ಆದ್ದರಿಂದ ಈ ಏರ್ಪಾಡು ಬೇಕೆಂದೇ ಸುಳ್ಳು ಹೇಳುತ್ತದೆ. ತಲೆ 30 ಡಿಗ್ರಿ ತಿರುಗಿದರೆ ನೋಟ 120, 150 ಡಿಗ್ರಿಯವರೆಗೂ ಹೋಗುತ್ತದೆ. ಮುಖ ಎಡಕ್ಕೆ ತಿರುಗುತ್ತದೆ, ಕಣ್ಣುಗುಡ್ಡೆ ಬಲಕ್ಕೆ ಸರಿದು ಪರದೆಯನ್ನೇ ಹಿಡಿದಿರುತ್ತದೆ.

ಹೇಳುವಾಗ ಇದು ವಿಚಿತ್ರವೆನಿಸುತ್ತದೆ. ಆದರೆ ತಲೆ ಒಂದು ಕಡೆ ಹೋದಾಗ ಕಣ್ಣು ಎದುರು ದಿಕ್ಕಿಗೆ ಸರಿದು ನೋಟವನ್ನು ನಿಲ್ಲಿಸಿಕೊಳ್ಳುವುದು ನಮ್ಮ ಒಳಗಿವಿಯ ಸಮತೋಲನ ವ್ಯವಸ್ಥೆ ಹುಟ್ಟಿನಿಂದ ಮಾಡಿಕೊಂಡು ಬಂದಿರುವ ಕೆಲಸ. ನಡೆಯುತ್ತಾ ಅಂಗಡಿಯ ಬೋರ್ಡು ಓದಲು ಸಾಧ್ಯವಾಗುವುದೂ ಅದರಿಂದಲೇ. ಹಾಗಾಗಿ ಮಿದುಳು ಈ ಸುಳ್ಳಿಗೆ ಬಹಳ ಬೇಗ ಹೊಂದಿಕೊಳ್ಳುತ್ತದೆ.

ತಲೆಯನ್ನು ಅಳೆದವರು

ತಲೆಯ ಚಲನೆಯಿಂದ ಚಿತ್ರ ಬದಲಾಗಬೇಕೆಂಬ ಯೋಚನೆ ಹೊಸದಲ್ಲ. 1968ರಲ್ಲಿ ಅಮೆರಿಕದ ಐವನ್ ಸದರ್ಲೆಂಡ್ ತಲೆಗೆ ಧರಿಸುವ ಪರದೆಯೊಂದರ ಬಗ್ಗೆ ಪ್ರಬಂಧ ಮಂಡಿಸಿದರು. ಕಣ್ಣಿನೆದುರು ಎರಡು ಪುಟ್ಟ ಪಿಕ್ಚರ್ ಟ್ಯೂಬು. ತಲೆ ಎತ್ತ ತಿರುಗಿದೆ ಎಂದು ಅಳೆಯಲು ಚಾವಣಿಯಿಂದ ಇಳಿಬಿಟ್ಟ ಲೋಹದ ತೋಳು. ತಲೆಯ ಮೇಲೆ ತೂಗುತ್ತಿದ್ದ ಆ ತೋಳನ್ನು ಕಂಡವರು ಗ್ರೀಕ್ ಕಥೆಯ ಡ್ಯಾಮೊಕ್ಲಿಸನ ಕತ್ತಿಯನ್ನು ನೆನೆದರು.

ಯುದ್ಧವಿಮಾನಗಳಲ್ಲಿ ಇದೇ ಅಳತೆ ಗುರಿ ಹಿಡಿಯಲು ಬಳಕೆಯಾಯಿತು. 1987ರಲ್ಲಿ ಭಾರತೀಯ ವಾಯುಪಡೆ ಸೇರಿದ ಮಿಗ್-29ರ ಪೈಲಟ್ ತನ್ನ ಹೆಲ್ಮೆಟ್ಟಿನ ಗುರಿಗಾಜಿನ ಮೂಲಕ ನೋಡಿದ ಕಡೆಗೇ ಕ್ಷಿಪಣಿಯ ಗಮನ ಸೆಳೆಯಬಹುದಿತ್ತು. ಬೆಂಗಳೂರಿನಲ್ಲಿ ರೂಪುಗೊಂಡು 2001ರ ಜನವರಿ 4ರಂದು ಇಲ್ಲಿಂದಲೇ ಮೊದಲ ಸಲ ಹಾರಿದ ತೇಜಸ್ ವಿಮಾನಕ್ಕೆ ಇಸ್ರೇಲಿನ ಎಲ್ಬಿಟ್ ಸಂಸ್ಥೆಯ ಡ್ಯಾಶ್ ಹೆಲ್ಮೆಟ್ ಇದೆ. ಕಾಕ್‌ಪಿಟ್ಟಿನಲ್ಲಿ ಸೃಷ್ಟಿಸಿದ ಕಾಂತಕ್ಷೇತ್ರದಿಂದ ಅದು ಪೈಲಟ್‌ನ ತಲೆಯ ದಿಕ್ಕನ್ನು ತಿಳಿಯುತ್ತದೆ.

ಮನೆಗೆ ಈ ವಿದ್ಯೆ ಬಂದದ್ದು ಮಾತ್ರ ಬೇರೆ ಬಾಗಿಲಿನಿಂದ. ಅಮೆರಿಕದ ಆರೆಗಾನ್ ರಾಜ್ಯದ ನ್ಯಾಚುರಲ್‌ಪಾಯಿಂಟ್ ಸಂಸ್ಥೆ ಕೈ ಬಳಸಲಾಗದವರು ತಲೆಯಾಡಿಸಿಯೇ ಮೌಸ್ ನಡೆಸುವಂಥ ಸಾಧನ ತಯಾರಿಸುತ್ತಿತ್ತು. ಹಣೆಗೆ ಬೆಳಕು ಮರಳಿಸುವ ಒಂದು ಚುಕ್ಕೆ ಅಂಟಿಸಿಕೊಂಡರೆ ಸಾಕು, ಕ್ಯಾಮೆರಾ ಅದನ್ನು ಹಿಂಬಾಲಿಸುತ್ತಿತ್ತು. ಸಿಮ್ಯುಲೇಟರ್ ಪ್ರಿಯರಿಗೆಂದು ಅದೇ ಸಂಸ್ಥೆ ಹೊರತಂದ ಟ್ರ್ಯಾಕ್‌ಐಆರ್ ಮೊದಲಿಗೆ ಒಂದು ಚುಕ್ಕೆಯಿಂದ ಎಡಬಲ, ಮೇಲೆಕೆಳಗೆ ಮಾತ್ರ ಅಳೆಯುತ್ತಿತ್ತು. ಮುಂದೆ ಮೂರು ಚುಕ್ಕೆ ಬಂದು ಎಲ್ಲ ಚಲನೆಯೂ ದಕ್ಕಿತು. 2009ರಲ್ಲಿ ಬಂದ ಅದರ ಐದನೆಯ ಆವೃತ್ತಿ ಸೆಕೆಂಡಿಗೆ 120 ಸಲ ತಲೆಯನ್ನು ನೋಡುತ್ತದೆ. ಈ ನಡುವೆ 2007ರ ಕೊನೆಯಲ್ಲಿ ಅಮೆರಿಕದ ಸಂಶೋಧನಾ ವಿದ್ಯಾರ್ಥಿ ಜಾನಿ ಚುಂಗ್ ಲೀ, ನಿಂಟೆಂಡೊ ವೀ ಆಟದ ರಿಮೋಟನ್ನು ಟಿವಿಯ ಬಳಿ ಇಟ್ಟು, ಕನ್ನಡಕಕ್ಕೆ ಅವಗೆಂಪು ದೀಪ ಸಿಕ್ಕಿಸಿಕೊಂಡು, ತಲೆ ಸರಿದಂತೆ ಪರದೆ ಆಳವಾದ ಕಿಟಕಿಯಾಗುವುದನ್ನು ತೋರಿಸಿದರು. ಅಂಗಡಿಯಲ್ಲಿ ಸಿಗುವ ಬಿಡಿಭಾಗಗಳಿಂದಲೇ ಇದನ್ನು ಮಾಡಬಹುದೆಂದು ಲಕ್ಷಾಂತರ ಜನ ಆ ವಿಡಿಯೊದಲ್ಲಿ ಕಂಡರು.

ಮೂರು ಚುಕ್ಕೆ, ಆರು ಅಂಕಿ

ತಲೆಯ ಚಲನೆಯನ್ನು ಪೂರ್ತಿ ಹೇಳಲು ಆರು ಅಂಕಿ ಬೇಕು. ಮೂರು ತಿರುಗುವಿಕೆಗೆ: ಎಡಬಲ ತಿರುಗುವುದು, ಮೇಲೆಕೆಳಗೆ ಬಾಗುವುದು, ಭುಜದ ಕಡೆಗೆ ವಾಲುವುದು. ಇನ್ನು ಮೂರು ಸರಿಯುವಿಕೆಗೆ: ಪಕ್ಕಕ್ಕೆ, ಮೇಲಕ್ಕೆ, ಮುಂದಕ್ಕೆ. ಒಂದು ಚುಕ್ಕೆ ಕ್ಯಾಮೆರಾದ ಚಿತ್ರದಲ್ಲಿ ಎರಡು ಅಂಕಿ ಕೊಡುತ್ತದೆ, ಅಡ್ಡ ಎಷ್ಟು, ಉದ್ದ ಎಷ್ಟು ಎಂದು. ಮೂರು ಚುಕ್ಕೆಗೆ ಆರು ಅಂಕಿ. ಬೇಕಾದದ್ದೂ ಆರೇ. ಲೆಕ್ಕ ಕೂಡುವುದು ಹೀಗೆ.

ಪರಸ್ಪರ ದೂರ ಗೊತ್ತಿರುವ ಮೂರು ಬಿಂದುಗಳನ್ನು ಒಂದು ಕಡೆಯಿಂದ ನೋಡಿದಾಗ ಅವು ಎಲ್ಲಿವೆ ಎಂದು ಕಂಡುಹಿಡಿಯುವುದು ಭೂಮಾಪನದವರ ಹಳೆಯ ಸಮಸ್ಯೆಗಳ ಕುಟುಂಬಕ್ಕೆ ಸೇರಿದ್ದು. ಜರ್ಮನಿಯ ಗಣಿತಜ್ಞ ಯೋಹಾನ್ ಆಗಸ್ಟ್ ಗ್ರೂನರ್ಟ್ 1841ರಲ್ಲೇ ಅದನ್ನು ಬಿಡಿಸಿ ತೋರಿಸಿದ್ದರು. ಅದರಲ್ಲೊಂದು ತೊಡಕಿದೆ: ಒಂದೇ ಚಿತ್ರಕ್ಕೆ ನಾಲ್ಕರವರೆಗೂ ಬೇರೆ ಬೇರೆ ಉತ್ತರ ಹೊಂದಬಹುದು. ಒಂದು ಕ್ಷಣದ ಹಿಂದೆ ತಲೆ ಇದ್ದ ಭಂಗಿಗೆ ಯಾವುದು ಹತ್ತಿರವೋ ಅದನ್ನು ಆರಿಸಿಕೊಳ್ಳುವುದು ಇದಕ್ಕೆ ಜಾಣ ಪರಿಹಾರ. ಕತ್ತು ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಜಿಗಿಯುವುದಿಲ್ಲವಲ್ಲ.

ಚುಕ್ಕೆಗಳಾಗಿ ಮೂರು ದೀಪ ಹೊತ್ತು ತಲೆಗೆ ಸಿಕ್ಕಿಸಿಕೊಳ್ಳುವ ಕ್ಲಿಪ್ಪನ್ನು ಮನೆಯಲ್ಲೇ ಮಾಡಿಕೊಳ್ಳುವವರಿಗೆ ಈ ಗಣಿತದಿಂದ ಒಂದು ಪ್ರಾಯೋಗಿಕ ಪಾಠ ಸಿಗುತ್ತದೆ. ಮೂರು ದೀಪಗಳನ್ನು ಚಪ್ಪಟೆ ಹಲಗೆಯ ಮೇಲೆ ಕೂರಿಸಿ, ಆ ಹಲಗೆಯನ್ನು ಕ್ಯಾಮೆರಾಗೆ ನೇರ ಎದುರಾಗಿ ಇಡಬಾರದು. 8 ಸೆಂಟಿಮೀಟರ್ ಅಗಲದ ಹಲಗೆ 5 ಡಿಗ್ರಿ ತಿರುಗಿದಾಗ ಕ್ಯಾಮೆರಾಗೆ ಅದರ ಅಗಲ ಕುಗ್ಗಿದಂತೆ ಕಾಣುವುದು 0.3 ಮಿಲಿಮೀಟರ್ ಮಾತ್ರ. ಅದೇ ದೀಪವೊಂದು ಉಳಿದೆರಡಕ್ಕಿಂತ 4 ಸೆಂಟಿಮೀಟರ್ ಮುಂದಕ್ಕೆ ಚಾಚಿಕೊಂಡಿದ್ದರೆ, ಅಷ್ಟೇ ತಿರುವಿಗೆ ಅದು ಪಕ್ಕಕ್ಕೆ ಸುಮಾರು 3.5 ಮಿಲಿಮೀಟರ್ ಸರಿದಂತೆ ಕಾಣುತ್ತದೆ. ಹತ್ತು ಪಟ್ಟಿಗೂ ಹೆಚ್ಚು ವ್ಯತ್ಯಾಸ. ಮುಕ್ಕಾಲು ಮೀಟರ್ ಅಗಲದ ಜಾಗವನ್ನು 640 ಪಿಕ್ಸೆಲ್‌ಗಳಲ್ಲಿ ಹಿಡಿಯುವ ಕ್ಯಾಮೆರಾದಲ್ಲಿ ಮೊದಲನೆಯದು ಕಾಲು ಪಿಕ್ಸೆಲ್, ಎರಡನೆಯದು ಮೂರು ಪಿಕ್ಸೆಲ್. ಹೆಡ್‌ಫೋನಿನ ಬದಿಗೆ ಸಿಕ್ಕಿಸುವ ಕ್ಲಿಪ್‌ಗಳಲ್ಲಿ ಮೇಲೊಂದು, ಕೆಳಗೊಂದು ದೀಪ ಹಿಂದೆ ಸರಿದು ನಡುವಿನದು ಮೂಗಿನಂತೆ ಮುಂದೆ ಬಂದಿರುವುದಕ್ಕೆ ಕಾರಣ ಇದು.

ಮೇಜಿನ ಮೇಲಿನ ಕೆಲಸ

ಸಿದ್ಧ ಸಾಧನ ಕೊಂಡು ತರಬಹುದು. ಆದರೆ ಈ ಹವ್ಯಾಸದ ಸೊಗಸು ಗೊತ್ತಾಗುವುದು ಕ್ಲಿಪ್ಪನ್ನು ಸ್ವತಃ ಮಾಡಿಕೊಂಡಾಗ. ಮೂರು ಅವಗೆಂಪು ಎಲ್‌ಇಡಿ, ಒಂದು ರೆಸಿಸ್ಟರ್, ಹಳೆಯ ಯುಎಸ್‌ಬಿ ಕೇಬಲ್, ಬಾಗಿಸಲು ಬರುವ ಗಟ್ಟಿ ತಂತಿ ಅಥವಾ ಅಲ್ಯುಮಿನಿಯಂ ಪಟ್ಟಿ ಇದ್ದರೆ ಸಾಕು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಎಲ್ಲವೂ ಒಂದೇ ಓಣಿಯಲ್ಲಿ ಸಿಗುವ ಸಾಮಾನು.

ಅವಗೆಂಪು ದೀಪ ಏಕೆಂದರೆ ನಮ್ಮ ಕಣ್ಣಿಗೆ ಅದು ಕಾಣದು, ಕ್ಯಾಮೆರಾಗೆ ಕಾಣುತ್ತದೆ. 850 ನ್ಯಾನೊಮೀಟರ್ ತರಂಗದ ದೀಪ ಕ್ಯಾಮೆರಾಗೆ ಹೆಚ್ಚು ಪ್ರಖರ, ಆದರೆ ಕತ್ತಲಲ್ಲಿ ಸೂಕ್ಷ್ಮವಾಗಿ ಕೆಂಪು ಮಿನುಗುತ್ತದೆ. 940ರದ್ದು ಪೂರ್ತಿ ಅಗೋಚರ, ಕ್ಯಾಮೆರಾಗೂ ಸ್ವಲ್ಪ ಮಂಕು. ಯಾವುದಾದರೂ ನಡೆಯುತ್ತದೆ. ಅದಕ್ಕಿಂತ ಮುಖ್ಯ ಬೆಳಕು ಹರಡುವ ಕೋನ. ಗುಂಡು ತಲೆಯ ಸಾಮಾನ್ಯ ಎಲ್‌ಇಡಿ ಟಾರ್ಚಿನ ಹಾಗೆ ನೇರಕ್ಕೆ ಬೆಳಕು ಚೆಲ್ಲುತ್ತದೆ. ತಲೆ ತಿರುಗಿದ ಕೂಡಲೇ ಕ್ಯಾಮೆರಾಗೆ ಮಂಕಾಗುತ್ತದೆ. ಅನುಭವಿಗಳು ಅಗಲ ಕೋನದ ಎಲ್‌ಇಡಿ ಹುಡುಕುತ್ತಾರೆ, ಇಲ್ಲವೇ ಆ ಗುಂಡು ತಲೆಯನ್ನು ಅರದಿಂದ ಉಜ್ಜಿ ಚಪ್ಪಟೆ ಮಾಡಿ, ಮರಳು ಕಾಗದದಿಂದ ಒರಟಾಗಿಸುತ್ತಾರೆ. ಹೊಳಪು ಕಳೆದುಕೊಂಡ ಆ ದೀಪ ಈಗ ಎಲ್ಲ ಕಡೆಗೂ ಸಮವಾಗಿ ಬೆಳಗುತ್ತದೆ.

ವಿದ್ಯುತ್ ಲೆಕ್ಕ ಸರಳ. ಯುಎಸ್‌ಬಿ ಕೊಡುವುದು 5 ವೋಲ್ಟ್. ಒಂದೊಂದು ಅವಗೆಂಪು ಎಲ್‌ಇಡಿ ಸುಮಾರು 1.35 ವೋಲ್ಟ್ ಬಳಸಿಕೊಂಡರೆ, ಸರಣಿಯಲ್ಲಿ ಜೋಡಿಸಿದ ಮೂರಕ್ಕೆ ಸುಮಾರು 4 ವೋಲ್ಟ್. ಉಳಿದ ಒಂದು ವೋಲ್ಟನ್ನು ರೆಸಿಸ್ಟರ್ ಹೊರಬೇಕು. 22 ಓಮ್‌ನ ರೆಸಿಸ್ಟರ್ ಹಾಕಿದರೆ ಹರಿಯುವುದು 43 ಮಿಲಿಆಂಪಿಯರ್ ಆಸುಪಾಸು. 100 ಮಿಲಿಆಂಪಿಯರ್ ತಾಳಿಕೊಳ್ಳುವ ಎಲ್‌ಇಡಿಗೆ ಅದು ಹಿತವಾದ ಪ್ರಮಾಣ. ಮೈಮೇಲಿನ ಪಟ್ಟಿ ಕೆಂಪು, ಕೆಂಪು, ಕಪ್ಪು ಇರುವುದು ಆ ರೆಸಿಸ್ಟರಿನ ಗುರುತು. ಎಲ್‌ಇಡಿಯ ಉದ್ದ ಕಾಲು ಸಾಮಾನ್ಯವಾಗಿ ಪ್ಲಸ್. ಕೆಲವು ತಯಾರಿಕೆಗಳಲ್ಲಿ ತಿರುವುಮುರುವಾಗಿರುವುದರಿಂದ ಡೇಟಾಶೀಟ್ ನೋಡಿ, ಮಲ್ಟಿಮೀಟರ್ ಹಿಡಿದು ಖಾತ್ರಿ ಮಾಡಿಕೊಂಡ ಮೇಲೆಯೇ ಬೆಸುಗೆ ಹಾಕುವುದು ಕ್ಷೇಮ. ದೀಪ ಹತ್ತಿದೆಯೇ ಎಂದು ಬರಿಗಣ್ಣಿಗೆ ತಿಳಿಯದು. ಮೊಬೈಲಿನ ಸೆಲ್ಫಿ ಕ್ಯಾಮೆರಾ ಹಿಡಿದರೆ ಸಾಮಾನ್ಯವಾಗಿ ನೇರಳೆ ಬಿಳುಪಿನ ಚುಕ್ಕೆಗಳು ಕಾಣುತ್ತವೆ. ದೀಪಗಳ ಮುಖ ಯಾವಾಗಲೂ ಕ್ಯಾಮೆರಾ ಕಡೆಗಿರಬೇಕು. ಕಾಣದ ಬೆಳಕಿಗೆ ಕಣ್ಣು ಮುಚ್ಚಿಕೊಳ್ಳುವ ಎಚ್ಚರ ನಮ್ಮ ರೆಪ್ಪೆಗೆ ಇಲ್ಲ. ಹತ್ತಿರದಿಂದ ಅದನ್ನು ದಿಟ್ಟಿಸಬಾರದು.

ಕ್ಯಾಮೆರಾ ವಿಷಯದಲ್ಲಿ ಹವ್ಯಾಸಿಗಳ ಹಳೆಯ ಮೆಚ್ಚಿನದು ಸೋನಿ 2007ರಲ್ಲಿ ಪ್ಲೇಸ್ಟೇಷನ್ 3ಕ್ಕೆಂದು ತಂದ ಪುಟ್ಟ ಐ ಕ್ಯಾಮೆರಾ. 640 ಅಡ್ಡ 480 ಪಿಕ್ಸೆಲ್‌ನಲ್ಲಿ ಸೆಕೆಂಡಿಗೆ 60 ಚಿತ್ರ, ಅದರ ಅರ್ಧ ಅಗಲ, ಅರ್ಧ ಎತ್ತರದಲ್ಲಿ 120 ಚಿತ್ರ. ಇಂದಿನ ಕಣ್ಣಿಗೆ ಚಿತ್ರ ಮಸುಕು ಅನ್ನಿಸಿದರೂ ಮೂರು ಚುಕ್ಕೆ ನೋಡಲು ಸ್ಪಷ್ಟತೆಗಿಂತ ವೇಗ ಮುಖ್ಯ. ಸೆಕೆಂಡಿಗೆ 30 ಚಿತ್ರ ತೆಗೆಯುವ ವೆಬ್‌ಕ್ಯಾಮ್ ಎರಡು ನೋಟಗಳ ನಡುವೆ 33 ಮಿಲಿಸೆಕೆಂಡ್ ಕುರುಡಾಗಿರುತ್ತದೆ. 120 ತೆಗೆಯುವುದು 8 ಮಿಲಿಸೆಕೆಂಡ್ ಮಾತ್ರ.

ಸಾಧಾರಣ ಕ್ಯಾಮೆರಾಗಳ ಮಸೂರದ ಹಿಂದೆ ಅವಗೆಂಪನ್ನು ತಡೆಯುವ ತೆಳು ಗಾಜು ಇರುತ್ತದೆ. ಅದನ್ನು ನಾಜೂಕಾಗಿ ತೆಗೆದು, ಅದರ ಜಾಗದಲ್ಲಿ ಕಾಣುವ ಬೆಳಕನ್ನು ತಡೆದು ಅವಗೆಂಪನ್ನು ಮಾತ್ರ ಬಿಡುವ ಏನನ್ನಾದರೂ ಇಡಬೇಕು. ಇಲ್ಲಿ ಹಳೆಯ ಕಾಲದ ಎರಡು ವಸ್ತುಗಳಿಗೆ ಮರುಜನ್ಮ ಸಿಗುತ್ತದೆ: ಫ್ಲಾಪಿಯೊಳಗಿನ ಕಂದು ತಟ್ಟೆ, ಅಥವಾ ಬೆಳಕು ಬಿದ್ದು ತೊಳೆಸಿದ ಕಲರ್ ನೆಗೆಟಿವ್‌ನ ಕಪ್ಪು ತುದಿ. ಎರಡೂ ನಮ್ಮ ಕಣ್ಣಿಗೆ ಕತ್ತಲೆ, ಅವಗೆಂಪಿಗೆ ಕಿಟಕಿ. ಗಾಜು ತೆಗೆದ ಮೇಲೆ ಫೋಕಸ್ ತುಸು ಜಾರುವುದರಿಂದ ಮಸೂರವನ್ನು ಕೊಂಚ ತಿರುಗಿಸಿ ಸರಿಪಡಿಸಬೇಕಾಗುತ್ತದೆ.

ಕೋಣೆಯ ಬೆಳಕು

ಕ್ಯಾಮೆರಾಗೆ ಒಳ್ಳೆಯ ಜಾಗ ಮಾನಿಟರಿನ ನೆತ್ತಿ, ತಲೆಯಿಂದ ಮುಕ್ಕಾಲು ಮೀಟರ್ ಆಸುಪಾಸು. ಅದು ಅಲುಗಬಾರದು. ಜಾಯ್‌ಸ್ಟಿಕ್ ಎಳೆದಾಗ ಮೇಜು ನಡುಗಿ ಕ್ಯಾಮೆರಾವೂ ನಡುಗಿದರೆ, ತಲೆಯೇ ನಡುಗಿತೆಂದು ಯಂತ್ರ ತಿಳಿಯುತ್ತದೆ.

ಮುಂದಿನ ಶತ್ರು ಸೂರ್ಯ. ಬಿಸಿಲಿನಲ್ಲಿ ಅವಗೆಂಪು ಧಾರಾಳವಾಗಿದೆ. ಬೆನ್ನ ಹಿಂದೆ ಪಶ್ಚಿಮದ ಕಿಟಕಿ ಇದ್ದರೆ ಸಂಜೆ ನಾಲ್ಕಕ್ಕೆ ನಾಲ್ಕನೆಯ ಚುಕ್ಕೆಯೊಂದು ಹುಟ್ಟಿ ಕಾಕ್‌ಪಿಟ್ ಹುಚ್ಚೆದ್ದು ಕುಣಿಯುತ್ತದೆ. ಬಿಸಿಯಾಗಿ ಉರಿಯುವ ಹಳೆಯ ಬಲ್ಬು, ಸ್ಟೀಲ್ ಬೀರುವಿನ ಹೊಳಪು, ದೇವರ ಮನೆಯ ದೀಪ, ಕನ್ನಡಕದ ಚೌಕಟ್ಟು ಯಾವುದೂ ಈ ಆರೋಪದಿಂದ ಹೊರತಲ್ಲ. ಪರದೆ ಎಳೆಯುವುದು ಮೊದಲ ಮದ್ದು. ಎರಡನೆಯದು ಕ್ಯಾಮೆರಾದ ಎಕ್ಸ್‌ಪೋಷರನ್ನು ಆಟೋದಿಂದ ಬಿಡಿಸಿ, ಚಿತ್ರದಲ್ಲಿ ಕೋಣೆಯೆಲ್ಲ ಕಪ್ಪಾಗಿ ಮೂರು ಚುಕ್ಕೆ ಮಾತ್ರ ಉಳಿಯುವವರೆಗೆ ಇಳಿಸುವುದು. ಆದರೆ ಚುಕ್ಕೆ ತೀರ ಸಣ್ಣದಾಗಲೂ ಬಾರದು. ಸಾಫ್ಟ್‌ವೇರ್ ಚುಕ್ಕೆಯ ಎಲ್ಲ ಪಿಕ್ಸೆಲ್‌ಗಳ ಹೊಳಪನ್ನು ತೂಗಿ ನಡುಬಿಂದುವನ್ನು ಹುಡುಕುತ್ತದೆ. ಹತ್ತಾರು ಪಿಕ್ಸೆಲ್ ಇರುವ ಚುಕ್ಕೆಯಿಂದ ಪಿಕ್ಸೆಲ್ಲಿನ ಸಣ್ಣ ಭಾಗದಷ್ಟು ನಿಖರವಾದ ಅಳತೆ ಸಿಗುತ್ತದೆ, ಎರಡೇ ಪಿಕ್ಸೆಲ್ ಇದ್ದರೆ ಸಿಗದು.

ಕುತ್ತಿಗೆಯ ಕೀಲು

ಈಗ ಸಾಫ್ಟ್‌ವೇರ್. ಓಪನ್‌ಟ್ರ್ಯಾಕ್ ಎಂಬ ಮುಕ್ತ ತಂತ್ರಾಂಶ ಹವ್ಯಾಸಿಗಳ ಮನೆಮಾತು. ದುಡ್ಡು ಕೊಡಬೇಕಿಲ್ಲ, ಮೂಲ ಸಂಕೇತವೂ ತೆರೆದಿದೆ. ಅದು ಮೊದಲು ಕೇಳುವುದು ಕ್ಲಿಪ್ಪಿನ ಅಳತೆಯನ್ನು, ಮಿಲಿಮೀಟರ್‌ನಲ್ಲಿ. ದೀಪದಿಂದ ದೀಪಕ್ಕೆ ಎಷ್ಟು ಎತ್ತರ, ಎಷ್ಟು ಆಳ ಎಂದು ಸ್ಕೇಲು ಹಿಡಿದು ಅಳೆದು ಬರೆಯಬೇಕು. ಇಲ್ಲಿ ಅಂದಾಜು ನಡೆಯದು. ಗ್ರೂನರ್ಟ್ ಬಿಡಿಸಿದ ಲೆಕ್ಕ ನಿಂತಿರುವುದೇ ಆ ದೂರಗಳು ಗೊತ್ತಿವೆ ಎಂಬುದರ ಮೇಲೆ.

ಎರಡನೆಯ ಪ್ರಶ್ನೆಯನ್ನು ಬಹಳ ಜನ ಹಾರಿಸಿಬಿಡುತ್ತಾರೆ, ಆಮೇಲೆ ಒದ್ದಾಡುತ್ತಾರೆ. ಕ್ಯಾಮೆರಾ ನೋಡುತ್ತಿರುವುದು ಕ್ಲಿಪ್ಪನ್ನು; ತಲೆ ತಿರುಗುವುದು ಕುತ್ತಿಗೆಯ ಮೇಲೆ. ಕಿವಿಯ ಪಕ್ಕದ ಕ್ಲಿಪ್ ಕುತ್ತಿಗೆಯ ನಡುವಿನಿಂದ ಅಂಗೈ ಅಗಲ ದೂರದಲ್ಲಿದೆ. ತಲೆ ಬರೇ ತಿರುಗಿದರೂ ಕ್ಲಿಪ್ ಒಂದು ಕಮಾನಿನಲ್ಲಿ ಮುಂದಕ್ಕೋ ಹಿಂದಕ್ಕೋ ಹೋಗುತ್ತದೆ. ಇದನ್ನು ತಿಳಿಸದಿದ್ದರೆ, ಎಡಕ್ಕೆ ನೋಡಿದಾಗಲೆಲ್ಲ ಪೈಲಟ್ ಸೀಟಿನಿಂದ ಜಾರಿದಂತೆ ಕಾಕ್‌ಪಿಟ್ ಓಲಾಡುತ್ತದೆ. ಇದಕ್ಕಾಗಿ ತಂತ್ರಾಂಶದಲ್ಲಿ ಕ್ಯಾಲಿಬ್ರೇಶನ್ ಇದೆ: ಗುಂಡಿ ಒತ್ತಿ, ಮುಂಡವನ್ನು ಅಲುಗಿಸದೆ ತಲೆಯನ್ನು ನಿಧಾನವಾಗಿ ಎಡಬಲ, ಮೇಲೆಕೆಳಗೆ ಆಡಿಸಬೇಕು. ಎಲ್ಲ ಚಲನೆಯಲ್ಲೂ ಕದಲದೆ ಉಳಿಯುವ ಬಿಂದು ಯಾವುದೆಂದು ಅದು ಲೆಕ್ಕ ಹಾಕುತ್ತದೆ. ಆ ಬಿಂದುವೇ ನಿಮ್ಮ ಕುತ್ತಿಗೆಯ ಕೀಲು. ಇದು ಸರಿಯಾದ ದಿನ ಕಾಕ್‌ಪಿಟ್ ಮೊದಲ ಸಲ ಗಟ್ಟಿಯಾಗಿ ನಿಲ್ಲುತ್ತದೆ.

ವಕ್ರರೇಖೆ ಬರೆಯುವುದು

ಇನ್ನು ಇಡೀ ಕಸುಬಿನ ತಿರುಳು. ತಲೆ ಎಷ್ಟು ತಿರುಗಿದರೆ ನೋಟ ಎಷ್ಟು ತಿರುಗಬೇಕು ಎಂಬುದನ್ನು ಗ್ರಾಫಿನ ಮೇಲೆ ಗೆರೆಯಾಗಿ ಬರೆಯಬೇಕು. ನೇರ ಗೆರೆ ಎಳೆದು, ತಲೆಯ ಪ್ರತಿ ಡಿಗ್ರಿಗೂ ನೋಟ ಐದು ಡಿಗ್ರಿ ಎಂದು ಇಟ್ಟರೆ ಏನಾಗುತ್ತದೆ? ಉಸಿರಾಟದಿಂದ ಏಳುವ ಕದಲಿಕೆಯೂ ಐದು ಪಟ್ಟಾಗಿ ಕಾಣುತ್ತದೆ. ಆಲ್ಟಿಮೀಟರ್ ಓದಲು ಆಗದಂತೆ ಫಲಕ ನಡುಗುತ್ತದೆ. ಬದುಕಿರುವ ತಲೆ ಎಂದೂ ಪೂರ್ತಿ ನಿಶ್ಚಲವಲ್ಲ.

ಹಾಗಾಗಿ ಗೆರೆ ನಡುವಿನಲ್ಲಿ ಮಲಗಿ, ಅಂಚಿನಲ್ಲಿ ಏಳಬೇಕು. ನೇರ ಮುಂದೆ ನೋಡುವ ಎರಡು ಮೂರು ಡಿಗ್ರಿಯೊಳಗೆ ಯಂತ್ರ ಬಹುಮಟ್ಟಿಗೆ ಸುಮ್ಮನಿರಲಿ. 10 ಡಿಗ್ರಿಗೆ ನೋಟ 20ರಷ್ಟು ಹೋಗಲಿ, ಪಕ್ಕದ ಕಿಟಕಿಯ ಅಂಚು ಕಾಣಲು ಅಷ್ಟು ಸಾಕು. ಅಲ್ಲಿಂದ ಮುಂದೆ ಗೆರೆ ಕಡಿದಾಗಿ ಏರಿ, 30 ಡಿಗ್ರಿಗೆ ಭುಜದ ಹಿಂದಿನವರೆಗೆ ಮುಟ್ಟಲಿ. ಗೆರೆಯಲ್ಲಿ ಎಲ್ಲಿಯೂ ಮೂಲೆ ಇರಬಾರದು. ಇದ್ದರೆ ನೋಟ ಅಲ್ಲಿಗೆ ಬಂದಾಗ ಜಾರಿದಂತೆ ಮುಗ್ಗರಿಸುತ್ತದೆ. ಈ ಅಂಕಿಗಳು ಮೊದಲ ದಿನಕ್ಕೆ ಮಾತ್ರ. ಆಮೇಲೆ ಪ್ರತಿ ಕುತ್ತಿಗೆಯೂ ತನ್ನ ಗೆರೆಯನ್ನು ತಾನೇ ಕೇಳುತ್ತದೆ.

ಮೇಲೆಕೆಳಗಿನ ಗೆರೆ ಎರಡೂ ಕಡೆ ಒಂದೇ ಇರಬೇಕಿಲ್ಲ. ಕೆಳಗೆ ನೋಡುವುದು ಸ್ವಿಚ್ಚು, ಗೇಜು ಓದಲು. ಅಲ್ಲಿ ನಿಧಾನ ಬೇಕು. ಮೇಲೆ ನೋಡುವುದು ಕಡಿದಾದ ತಿರುವಿನಲ್ಲಿ ಮುಂದಿನ ದಾರಿ ಕಾಣಲು, ಅಥವಾ ಡಿಸಿಎಸ್‌ನಂಥ ಯುದ್ಧ ಸಿಮ್ಯುಲೇಟರಿನಲ್ಲಿ ಎದುರಾಳಿಯನ್ನು ಕಣ್ತಪ್ಪದಂತೆ ಹಿಡಿದಿಡಲು. ಅಲ್ಲಿ ವೇಗ ಬೇಕು. ಭುಜದ ಕಡೆಗಿನ ವಾಲುವಿಕೆಯನ್ನು ಹಲವರು ತೀರ ಇಳಿಸುತ್ತಾರೆ. ಅದಕ್ಕೊಂದು ಕುತೂಹಲದ ಕಾರಣವಿದೆ. ವಿಮಾನ ವಾಲಿದಾಗ ಪೈಲಟ್‌ಗಳು ತಮಗರಿವಿಲ್ಲದೆ ತಲೆಯನ್ನು ಹೊರಗಿನ ದಿಗಂತಕ್ಕೆ ಹೊಂದುವಂತೆ ಓರೆ ಮಾಡುತ್ತಾರೆಂದು ವಿಮಾನಯಾನ ವೈದ್ಯದ ಅಧ್ಯಯನಗಳು ಕಂಡುಕೊಂಡಿವೆ. ಮನೆಯ ಕುರ್ಚಿಯಲ್ಲಿ ಕೂತವರ ತಲೆಯೂ ಹಾಗೇ ಓರೆಯಾಗುತ್ತದೆ, ಯಂತ್ರ ಅದನ್ನೂ ಹಿಂಬಾಲಿಸಹೊರಟರೆ ದಿಗಂತ ಬೇಡದ ಕಡೆ ತೂಗಾಡುತ್ತದೆ. ಮುಂದಕ್ಕೆ ಬಾಗುವ ಚಲನೆಯನ್ನು ಮಾತ್ರ ಉದಾರವಾಗಿ ಬಿಡಬೇಕು: ಸಣ್ಣ ಅಕ್ಷರದ ಗೇಜು ಓದಲು ಮುಂದೆ ಬಾಗಿದಾಗ ಅದು ದೊಡ್ಡದಾಗಿ ಎದುರು ಬರುವುದು ಈ ಏರ್ಪಾಡಿನ ದೊಡ್ಡ ಸುಖ. ಪಕ್ಕಕ್ಕೆ ಸರಿದಾಗ ಕಿಟಕಿಯ ಕಂಬ ಹತ್ತಿರದಲ್ಲಿ ಬೇಗ, ಹೊರಗಿನ ಗುಡ್ಡ ದೂರದಲ್ಲಿ ನಿಧಾನವಾಗಿ ಜರುಗುತ್ತದೆ. ಚಪ್ಪಟೆ ಪರದೆಗೆ ಆಳ ಬರುವುದು ಆ ವ್ಯತ್ಯಾಸದಿಂದ.

ಗೆರೆಯ ಮೇಲೆ ಫಿಲ್ಟರ್. ಅಳತೆಯಲ್ಲಿ ಬರುವ ಸಣ್ಣ ನಡುಕವನ್ನು ಅದು ನಯಗೊಳಿಸುತ್ತದೆ, ಆದರೆ ನಯಗೊಳಿಸಲು ಕೆಲವು ಕ್ಷಣ ಕಾಯಬೇಕು. ಹೆಚ್ಚು ನಯ ಬೇಕೆಂದರೆ ನೋಟ ತಲೆಯ ಹಿಂದೆ ತೆವಳುತ್ತದೆ; ತಡವಾಗದಿರಲಿ ಎಂದರೆ ನಡುಕ ಮರಳುತ್ತದೆ. ಓಪನ್‌ಟ್ರ್ಯಾಕಿನ ಜನಪ್ರಿಯ ಫಿಲ್ಟರ್ ಅಕ್ಸೆಲಾ ಇದಕ್ಕೆ ಉಪಾಯ ಮಾಡಿದೆ. ತಲೆಯ ಹೊಸ ಜಾಗ ಹಳೆಯದಕ್ಕೆ ಹತ್ತಿರವಿದ್ದರೆ ಅದನ್ನು ನಡುಕವೆಂದು ಎಣಿಸಿ ಮೆಲ್ಲಗೆ ಸರಿಯುತ್ತದೆ; ದೂರವಿದ್ದರೆ ಬೇಕೆಂದೇ ತಿರುಗಿಸಿದ್ದೆಂದು ತಿಳಿದು ಜೋರಾಗಿ ಓಡುತ್ತದೆ. ಆ ಎರಡರ ನಡುವಿನ ಗಡಿ ಎಲ್ಲಿ ಎಂದು ಸ್ಲೈಡರ್ ಎಳೆದು ಹೇಳುವವರು ನೀವು. ತಂಬೂರಿಯ ತಂತಿಯಡಿ ಜೀವದ ದಾರವನ್ನು ಕೂದಲೆಳೆಯಷ್ಟು ಸರಿಸಿ ನಾದ ತೆರೆದುಕೊಳ್ಳುವ ಜಾಗ ಹುಡುಕುವಂಥ ಕೆಲಸ ಇದು. ಒಂದು ಸಲಕ್ಕೆ ಒಂದೇ ಸ್ಲೈಡರ್ ಮುಟ್ಟಿ, ಒಂದು ಸುತ್ತು ಹಾರಿ, ಆಮೇಲೆ ಮುಂದಿನದು. ಮೂರನ್ನು ಒಟ್ಟಿಗೆ ಎಳೆದವರಿಗೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಕೊನೆಯದಾಗಿ ಜಾಯ್‌ಸ್ಟಿಕ್ಕಿನ ಒಂದು ಗುಂಡಿಗೆ ನಡುವನ್ನು ಮರುಗುರುತಿಸುವ ಕೆಲಸ ಕೊಡಬೇಕು. ಹೊತ್ತು ಕಳೆದಂತೆ ಬೆನ್ನು ಕುರ್ಚಿಯಲ್ಲಿ ಜಾರುತ್ತದೆ, ಹೆಡ್‌ಫೋನ್ ತುಸು ಸರಿಯುತ್ತದೆ. ಗುಂಡಿ ಒತ್ತಿದರೆ ಆಗ ಇರುವ ಭಂಗಿಯೇ ಹೊಸ ನೇರ.

ಬೇರೆ ದಾರಿಗಳು

ಬೆಸುಗೆ ಕಾಸುವ ಉತ್ಸಾಹ ಇಲ್ಲದವರಿಗೂ ದಾರಿಯಿದೆ. ರಸ್ತೆ ಫಲಕಗಳಲ್ಲಿ ಬಳಸುವಂಥ, ಬಂದ ಬೆಳಕನ್ನು ಬಂದ ದಾರಿಯಲ್ಲೇ ಮರಳಿಸುವ ಪಟ್ಟಿಯನ್ನು ಟೋಪಿಯ ಅಂಚಿಗೆ ಅಂಟಿಸಿ, ದೀಪಗಳನ್ನು ಕ್ಯಾಮೆರಾದ ಸುತ್ತ ಇಡಬಹುದು. ಆಗ ತಲೆಗೆ ತಂತಿಯೇ ಇರುವುದಿಲ್ಲ. ಚೌಕಾಕಾರದ ಗುರುತೊಂದನ್ನು ಕಾಗದದ ಮೇಲೆ ಮುದ್ರಿಸಿ ತಲೆಗೆ ಕಟ್ಟಿಕೊಳ್ಳುವ ವಿಧಾನವೂ ಓಪನ್‌ಟ್ರ್ಯಾಕಿನಲ್ಲಿದೆ. ಸ್ವೀಡನ್ನಿನ ಟೋಬಿ ಸಂಸ್ಥೆಯ ಸಾಧನ ತಲೆಯ ಜೊತೆಗೆ ಕಣ್ಣುಗುಡ್ಡೆ ಎತ್ತ ಹೋಯಿತೆಂದೂ ನೋಡುತ್ತದೆ.

ಈಚಿನ ವರ್ಷಗಳ ದೊಡ್ಡ ಬದಲಾವಣೆ ಎಂದರೆ ಏನೂ ಧರಿಸದೆ ಬರೇ ಮುಖದಿಂದ ಅಳೆಯುವುದು. ಅಸಂಖ್ಯ ಮುಖಗಳ ಚಿತ್ರ ನೋಡಿ ಕಲಿತ ನ್ಯೂರಲ್ ನೆಟ್‌ವರ್ಕ್, ಸಾಧಾರಣ ವೆಬ್‌ಕ್ಯಾಮಿನಲ್ಲಿ ಕಂಡ ಮೂಗು, ಕಣ್ಣು, ಗಲ್ಲದಿಂದಲೇ ತಲೆಯ ಆರೂ ಅಂಕಿ ಊಹಿಸುತ್ತದೆ. ಇಲ್ಲಿ ಬೆಳಕಿನ ನಿಯಮ ತಿರುಗುಮುರುಗು. ಎಲ್‌ಇಡಿ ಕ್ಲಿಪ್ಪಿಗೆ ಕತ್ತಲ ಕೋಣೆ ಮೆಚ್ಚು. ಮುಖ ನೋಡುವ ಕ್ಯಾಮೆರಾಗೆ ಮುಖದ ಮೇಲೆ ಸಮನಾದ ಬೆಳಕು ಬೇಕು. ಬೆಳಕು ಸಾಲದಿದ್ದರೆ ವೆಬ್‌ಕ್ಯಾಮ್ ಪ್ರತಿ ಚಿತ್ರಕ್ಕೂ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ವೇಗ ಬೀಳುತ್ತದೆ. ಮೂರು ದೀಪದಷ್ಟು ನಿಖರತೆ ಇದಕ್ಕೆ ಸಾಮಾನ್ಯವಾಗಿ ಬರುವುದಿಲ್ಲ. ಆದರೆ ವಕ್ರರೇಖೆ, ಫಿಲ್ಟರ್ ಎರಡೂ ಇಲ್ಲಿಯೂ ಹಾಗೇ ಬೇಕು; ಅಲ್ಲಿ ಕಲಿತದ್ದು ಇಲ್ಲಿ ವ್ಯರ್ಥವಾಗದು.

ಕಣ್ಣಿಗೇ ಕಟ್ಟಿಕೊಳ್ಳುವ ವಿಆರ್ ಹೆಡ್‌ಸೆಟ್ ಇರುವಾಗ ಇದೆಲ್ಲ ಏಕೆ ಎಂದು ಕೇಳಬಹುದು. ಅದರಲ್ಲಿ ಸುಳ್ಳೇ ಇಲ್ಲ: ತಲೆ ತಿರುಗಿದಷ್ಟೇ ನೋಟ ತಿರುಗುತ್ತದೆ, ಕಾಕ್‌ಪಿಟ್ ಸುತ್ತಲೂ ಇರುತ್ತದೆ. ಬದಲಿಗೆ ಕಂಪ್ಯೂಟರಿಗೆ ಭಾರ ಹೆಚ್ಚು, ಮೂಗಿನ ಮೇಲೆ ತೂಕ, ಮೇಜಿನ ಮೇಲಿನ ನಕ್ಷೆ, ಚೆಕ್‌ಲಿಸ್ಟ್, ಕೀಬೋರ್ಡ್, ಕಾಫಿ ಲೋಟ ಯಾವುದೂ ಕಾಣದು. ಗಂಟೆಗಟ್ಟಲೆ ಹಾರುವವರಲ್ಲಿ ಅನೇಕರು ಇವತ್ತಿಗೂ ಮೂರು ಚುಕ್ಕೆಯ ಕಡೆ ಇರುವುದು ಇದೇ ಕಾರಣಕ್ಕೆ.

ಶುರು ಮಾಡುವವರಿಗೆ

ಮೊದಮೊದಲು ತುಸು ತಲೆಸುತ್ತು ಬರಬಹುದು. ಕಣ್ಣು ಲೋಕ ತಿರುಗಿತೆನ್ನುತ್ತದೆ, ಒಳಗಿವಿ ಅಷ್ಟೇನಿಲ್ಲವೆನ್ನುತ್ತದೆ. ಕಡಿಮೆ ಹೊತ್ತು ಹಾರಿ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಎರಡೂ ರಾಜಿಯಾಗುತ್ತವೆ. ಕುತ್ತಿಗೆ ನೋಯುತ್ತಿದ್ದರೆ ಗೆರೆ ಸಾಕಷ್ಟು ಕಡಿದಾಗಿಲ್ಲ ಎಂದರ್ಥ. ಫಲಕ ನಡುಗುತ್ತಿದ್ದರೆ ನಡುಭಾಗ ಸಾಕಷ್ಟು ಮಲಗಿಲ್ಲ. ನೋಟ ಎಳೆದಂತೆ ತಡವಾಗುತ್ತಿದ್ದರೆ ಫಿಲ್ಟರ್ ಅತಿಯಾಗಿದೆ. ಒಂದೊಂದು ತೊಂದರೆಗೂ ಒಂದೊಂದು ತಿರುಪು ಇರುವ ಯಂತ್ರ ಇದು. ಹೊಸಬರನ್ನು ಅದು ಹೆದರಿಸದಿರುವುದೂ ಅದಕ್ಕೇ.

ಖರ್ಚಿಲ್ಲದೆ ರುಚಿ ನೋಡಬೇಕೆಂದರೆ ಲ್ಯಾಪ್‌ಟಾಪಿನ ವೆಬ್‌ಕ್ಯಾಮ್, ಓಪನ್‌ಟ್ರ್ಯಾಕಿನ ಮುಖ ಹಿಡಿಯುವ ವಿಧಾನ, ಜೊತೆಗೆ ಉಚಿತ ಸಿಮ್ಯುಲೇಟರ್ ಫ್ಲೈಟ್‌ಗಿಯರ್ ಸಾಕು. ಸಣ್ಣ ಸೆಸ್ನಾ ಒಂದನ್ನು ಏರಿಸಿ ರನ್‌ವೇಗೆ ಎಡಬದಿಯ ಒಂದು ಸುತ್ತು ಹಾರಿ. ಪರೀಕ್ಷೆ ಆಗುವುದು ಡೌನ್‌ವಿಂಡ್‌ನಲ್ಲಿ. ಎಡ ಭುಜದ ಹಿಂದೆ ರನ್‌ವೇಯ ತುದಿಯನ್ನು ಹುಡುಕಿ, ಅದನ್ನು ಕಣ್ಣಲ್ಲಿ ಹಿಡಿದುಕೊಂಡೇ ತಿರುವು ಆರಂಭಿಸಿ, ಮತ್ತೆ ಮುಂದೆ ನೋಡಿದಾಗ ಏರ್‌ಸ್ಪೀಡಿನ ಮುಳ್ಳು ನಡುಗದೆ ಓದಲು ಬರುತ್ತಿರಬೇಕು. ದೂರಕ್ಕೆ ನೋಟ ಹೋಗುವುದು, ಹತ್ತಿರದಲ್ಲಿ ಅದು ನಿಲ್ಲುವುದು, ಎರಡೂ ಒಂದೇ ಸುತ್ತಿನಲ್ಲಿ ಸಾಧಿಸಿದರೆ ನಿಮ್ಮ ಗೆರೆ ಸರಿಯಾಗಿದೆ. ಆ ಪ್ರೊಫೈಲನ್ನು ಬೇರೆ ಹೆಸರಿನಲ್ಲಿ ಒಂದು ಪ್ರತಿ ಉಳಿಸಿಕೊಳ್ಳಿ. ಇನ್ನೂ ಚೆನ್ನಾಗಿ ಮಾಡುತ್ತೇನೆಂದು ಮರುದಿನ ನೀವೇ ಅದನ್ನು ಮತ್ತೆ ಎಳೆಯಲು ಕೂರುವುದು ಖಂಡಿತ.